ನಮ್ಮ ತಾಲ್ಲೂಕಿನ ಗಂಡಾಂತರ: ಅಳೆಯುವುದು ಹೇಗೆ?



ಕಮಲಾಪುರ ಕಡೆಯ ಹಳ್ಳಿಗಳಲ್ಲಿ ಪ್ರವಾಹದ ಮಾತೆತ್ತಿದರೆ ಬಹುಜನರು ಹೇಳುವುದು ಒಂದೇ ಮಾತು: “ಭೀಮಾ ಹೊಳಿ ಇರೋದು ಅಫಜಲಪುರ, ಜೇವರ್ಗಿ ಕಡಿಗಿ. ನಮಗ್ಯಾಕ್ರಿ ಅದರ ಭಯ?” ಭೂಕಂಪದ ಮಾತೆತ್ತಿದರೆ, “ಅದು ಕಿಲ್ಲಾರಿಯಾಗ ಆತು” ಎನ್ನುತ್ತಾರೆ. ಬರಗಾಲದ ಮಾತು ಬಂದಾಗ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ಅದನ್ನು ಕಾಣದ ಮನೆ ಇಲ್ಲ.

ಕಂಡದ್ದಕ್ಕೆ ಹೆದರುವುದು, ಕಾಣದ್ದನ್ನು ಮರೆಯುವುದು ಮನುಷ್ಯಸ್ವಭಾವ. ಆದರೆ ಎತ್ತು ಕೊಳ್ಳುವಾಗ ನಾವು ಹಾಗೆ ಮಾಡುವುದಿಲ್ಲ. ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ, ಆಮೇಲೆ ಬೆಲೆ ಕಟ್ಟುತ್ತೇವೆ. ಗಂಡಾಂತರಕ್ಕೂ ಹಾಗೆಯೇ ಲೆಕ್ಕ ಕಟ್ಟಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು? ಮುಂಗಾರಿಗೆ ಮುಂಚೆಯೇ ಈ ಲೆಕ್ಕ ಮಾಡಿಕೊಂಡ ಊರು ಕೈಯಲ್ಲಿರುವ ಸ್ವಲ್ಪ ಹಣವನ್ನು ಎಲ್ಲಿ ಹಾಕಬೇಕೆಂಬುದನ್ನು ತಿಳಿದಿರುತ್ತದೆ. ಆ ಲೆಕ್ಕದ ಕ್ರಮವನ್ನು ಈ ಪಾಠದಲ್ಲಿ ಹಂತಹಂತವಾಗಿ ನೋಡೋಣ.

ನಾಲ್ಕು ಮಾತುಗಳ ಅರ್ಥ

ಮೊಟ್ಟಮೊದಲು ನಾಲ್ಕು ಮಾತುಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು.

ಒಂದನೆಯದು ಆಪತ್ತು. ಬಿರುಗಾಳಿ, ಮಳೆಯ ಅಭಾವ, ಹಳ್ಳದ ನೆರೆ, ಸಿಡಿಲು, ಭೂಕಂಪ, ಇವು ಆಪತ್ತುಗಳು. ಇವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ.

ಎರಡನೆಯದು ಆಪತ್ತಿನ ದಾರಿಯಲ್ಲಿ ಇರುವುದು: ಜನ, ದನ, ಮನೆ, ಬೆಳೆ, ಬಾವಿ, ರಸ್ತೆ. ಯಾರೂ ಇಲ್ಲದ ಮಡ್ಡಿಯ ಮೇಲೆ ಸಿಡಿಲು ಬಿದ್ದರೆ ಅದು ಬರೀ ಸದ್ದು. ಅದೇ ಸಿಡಿಲು ಮರದಡಿ ನಿಂತ ಕೂಲಿಯಾಳುಗಳ ಮೇಲೆ ಬಿದ್ದರೆ ಮನೆತನಗಳೇ ಹಾಳಾಗುತ್ತವೆ.

ಮೂರನೆಯದು ಬಲಹೀನತೆ. ನಮ್ಮ ಕಮಲಾಪುರದ ಕೆಂಪು ಬಾಳೆಯನ್ನೇ ನೋಡಿರಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು ಅದು. ಗಿಡ ಎತ್ತರವಾಗಿ ಬೆಳೆಯುತ್ತದೆ, ಫಸಲು ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಒಂದು ಸಂಜೆಯ ಬಿರುಗಾಳಿ ತೊಗರಿ ಹೊಲದ ಮೇಲೂ ಬೀಸುತ್ತದೆ, ಪಕ್ಕದ ಬಾಳೆಯ ತೋಟದ ಮೇಲೂ ಬೀಸುತ್ತದೆ. ತೊಗರಿ ಬಾಗಿ ಎದ್ದು ನಿಲ್ಲುತ್ತದೆ. ಗೊನೆ ಹೊತ್ತ ಬಾಳೆ ಮುರಿದು ಬಿದ್ದರೆ ಒಂದೂವರೆ ವರ್ಷದ ದುಡಿಮೆ ನೆಲಕ್ಕೆ ಬಿತ್ತು. ಗಾಳಿ ಒಂದೇ; ಬಲಹೀನತೆ ಬೇರೆ.

ನಾಲ್ಕನೆಯದು ತಾಳಿಕೆ, ಎಂದರೆ ಬಿದ್ದು ಮತ್ತೆ ಏಳುವ ಶಕ್ತಿ. ಮೇವಿನ ಬಣಿವೆ ಉಳಿದಿದೆಯೇ, ವಿಮೆ ಕಟ್ಟಿದೆಯೇ, ಸ್ವಸಹಾಯ ಸಂಘದಲ್ಲಿ ಉಳಿತಾಯ ಇದೆಯೇ, ಆಸ್ಪತ್ರೆಗೆ ಮಳೆಗಾಲದಲ್ಲೂ ದಾರಿ ಇದೆಯೇ, ಇವೆಲ್ಲ ತಾಳಿಕೆಯ ಲೆಕ್ಕ.

ಮೊದಲಿನ ಮೂರೂ ಕೂಡಿದಾಗ ಗಂಡಾಂತರ ಹೆಚ್ಚುತ್ತದೆ. ನಾಲ್ಕನೆಯದು ಹೆಚ್ಚಿದಂತೆ ಅದು ತಗ್ಗುತ್ತದೆ. ಆಪತ್ತನ್ನು ತಡೆಯಲಾಗದಿದ್ದರೂ ಉಳಿದ ಮೂರರಲ್ಲಿ ನಮ್ಮ ಕೈ ಆಡುತ್ತದೆ. ಇದೇ ಈ ಪಾಠದ ಬೇರು.

ಎರಡು ಭೂಕಂಪಗಳು

ಈ ಮಾತನ್ನು ಎರಡು ನಿಜ ಸಂಗತಿಗಳಿಂದ ಸ್ಪಷ್ಟಪಡಿಸೋಣ. 1993ರ ಸೆಪ್ಟೆಂಬರ್ 30ರಂದು, ಗಣಪತಿ ಕಳಿಸಿ ಜನ ದಣಿದು ಮಲಗಿದ್ದ ರಾತ್ರಿ, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಅದರ ತೀವ್ರತೆ ಸುಮಾರು 6.2. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. 2003ರ ಡಿಸೆಂಬರ್ 22ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಸಿಮಿಯನ್ ಬಳಿ ಆದ ಭೂಕಂಪದ ತೀವ್ರತೆ 6.5. ಅದು ಕಿಲ್ಲಾರಿಗಿಂತ ಜೋರಿನದು. ಅಲ್ಲಿ ಸತ್ತವರು ಇಬ್ಬರು.

ಇಷ್ಟು ಅಂತರ ಏಕೆ? ಅಮೆರಿಕದ ಆ ಸೀಮೆಯಲ್ಲಿ ಜನವಸತಿ ವಿರಳ. ನಡುಗಿದ್ದು ಹಗಲು ಹೊತ್ತು. ಬಹುಪಾಲು ಮನೆಗಳು ಹಗುರವಾದವು. ಸತ್ತ ಇಬ್ಬರೂ ಒಂದು ಹಳೆಯ ಇಟ್ಟಿಗೆ ಕಟ್ಟಡ ಕುಸಿದಾಗ ಸತ್ತರು. ಕಿಲ್ಲಾರಿಯಲ್ಲಿ ದಪ್ಪನೆಯ ಕಲ್ಲು ಮಣ್ಣಿನ ಗೋಡೆಗಳು, ಅವುಗಳ ಮೇಲೆ ಬಿಸಿಲು ತಡೆಯಲೆಂದು ವರ್ಷವರ್ಷವೂ ಮಣ್ಣು ಹಾಕಿ ಭಾರವಾದ ಮಾಳಿಗೆ, ಅದರಡಿ ನಿದ್ದೆಯಲ್ಲಿದ್ದ ಮನೆ ತುಂಬ ಜನ. ಭೂಮಿ ನಡುಗಿದ್ದು ಕೆಲವು ಕ್ಷಣ. ಕೊಂದದ್ದು ಮನೆಯ ಭಾರ.

ನಮ್ಮ ಹಳ್ಳಿಗಳ ಹಳೆಯ ಮಾಳಿಗೆ ಮನೆಗಳೂ ಹೆಚ್ಚುಕಡಿಮೆ ಅದೇ ಬಗೆಯವು ಎಂಬುದನ್ನು ಮರೆಯಕೂಡದು. 2021ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ಭೂಮಿ ಕಂಪಿಸಿತು. ಹೆಚ್ಚೆಂದರೆ 4ರ ಆಸುಪಾಸಿನ ತೀವ್ರತೆ. ಆದರೂ ಜನ ಮನೆಯೊಳಗೆ ಮಲಗಲು ಅಂಜಿದರು, ಊರು ಬಿಟ್ಟು ಹೋದವರೂ ಉಂಟು. ಅವರು ಅಂಜಿದ್ದು ನೆಲಕ್ಕಿಂತ ಹೆಚ್ಚಾಗಿ ತಮ್ಮ ಗೋಡೆಗಳಿಗೆ.

ನಮ್ಮ ಸೀಮೆಯ ಆಪತ್ತುಗಳು

ಇನ್ನು ನಮ್ಮ ಜಿಲ್ಲೆಯ ಆಪತ್ತುಗಳನ್ನು ಒಂದೊಂದಾಗಿ ಎಣಿಸೋಣ.

ಬರ. ಜಿಲ್ಲೆಯ ವರ್ಷದ ವಾಡಿಕೆ ಮಳೆ ಏಳೂವರೆ ನೂರು ಮಿಲಿಮೀಟರಿನ ಆಸುಪಾಸು. ಕಾಗದದ ಮೇಲೆ ಇದು ಕಡಿಮೆಯೇನಲ್ಲ. ಆದರೆ ಬೆಳೆಗೆ ಬೇಕಾದ್ದು ವರ್ಷದ ಮೊತ್ತವಲ್ಲ, ಹೊತ್ತಿಗೆ ಬೀಳುವ ಹನಿ. 1876–78ರ ದೊಡ್ಡ ಕ್ಷಾಮ, 1972ರ ಬರ, ಇವು ಹಿರಿಯರ ಬಾಯಿಂದ ನಾವು ಕೇಳಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ್ದು ನಾವೇ ಕಂಡದ್ದು. ಕಲಬುರಗಿ ನಗರದ ಕುಡಿಯುವ ನೀರು ಭೀಮಾ ನದಿಯಿಂದಲೂ ಬೆಣ್ಣೆತೊರಾದಿಂದಲೂ ಬರುತ್ತದೆ. ಆದ್ದರಿಂದ ನಮ್ಮ ಹಳ್ಳಗಳು ಬತ್ತಿದರೆ ಪೇಟೆಯ ನಳಗಳಿಗೂ ಅದರ ಬಿಸಿ ತಟ್ಟುತ್ತದೆ.

ನೆರೆ. ಭೀಮಾ ನದಿಯ ನೆರೆ ಬಹುಮಟ್ಟಿಗೆ ಮಹಾರಾಷ್ಟ್ರದಿಂದ ಇಳಿದು ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಲ್ಲಿಯ ಮಳೆ, ಉಜನಿ ಜಲಾಶಯದಿಂದ ಬಿಟ್ಟ ನೀರು ಎಲ್ಲ ಕೂಡಿ ಸೊನ್ನ ಬ್ಯಾರೇಜಿನ ಕೆಳಗಿನ ಊರುಗಳನ್ನು ಮುಳುಗಿಸಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಮತ್ತೆ ಉಕ್ಕಿತು. ಈ ನೆರೆಗೆ ಮುನ್ಸೂಚನೆ ಉಂಟು. ಮೇಲಿನಿಂದ ನೀರು ಬರಲು ಸಮಯ ಹಿಡಿಯುತ್ತದೆ.

ಕಮಲಾಪುರದ ನೆರೆ ಬೇರೆ ಬಗೆಯದು. ಇಲ್ಲಿ ನೀರು ಹಳ್ಳದಿಂದ ಬರುತ್ತದೆ. ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯ ತುಂಬಿದರೆ ಬಾಗಿಲು ತೆರೆಯಬೇಕಾಗುತ್ತದೆ. ಆ ನೀರು ಬೆಣ್ಣೆತೊರಾ ಸೇರಿ, ಬೆಣ್ಣೆತೊರಾ ಕಾಗಿಣಾ ಸೇರಿ, ಕಾಗಿಣಾ ಭೀಮೆಯನ್ನು ಸೇರುತ್ತದೆ. ಕಾಗಿಣಾ ಉಕ್ಕಿದಾಗ ಮಳಖೇಡದ ಸೇತುವೆ ಮುಳುಗುವುದು ಎಲ್ಲರಿಗೂ ಗೊತ್ತು. ಸಣ್ಣ ಹಳ್ಳದ ನೆರೆಗೆ ಮುನ್ಸೂಚನೆಯ ಹೊತ್ತು ಬಹಳ ಕಡಿಮೆ. ಮೇಲಿನ ಮಡ್ಡಿಯಲ್ಲಿ ಮಳೆಯಾಗಿ ಒಂದೆರಡು ತಾಸಿನಲ್ಲಿ ಕೆಳಗಿನ ಸಿಡಿ ಸೇತುವೆಯ ಮೇಲೆ ನೀರು ಬಂದಿರುತ್ತದೆ. ಕೆಳಗಿನ ಊರಲ್ಲಿ ಆಗ ಬಿಸಿಲೂ ಇರಬಹುದು.

ಈ ನೀರಿನ ಪ್ರಮಾಣವನ್ನು ಒಮ್ಮೆ ಲೆಕ್ಕ ಹಾಕಿ ನೋಡಿರಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 4,047 ಲೀಟರ್ ನೀರು. ಸಾವಿರ ಎಕರೆಯ ಮೇಲೆ ನೂರು ಮಿಲಿಮೀಟರ್ ಸುರಿದರೆ ಅದು 40 ಕೋಟಿ ಲೀಟರ್. ನೆಲ ಅರ್ಧ ಕುಡಿಯಿತೆಂದರೂ 20 ಕೋಟಿ ಲೀಟರ್ ನೀರು ಆ ಒಂದು ಹಳ್ಳದ ಬಾಯಿಂದ ಹೋಗಬೇಕು. ಹಳ್ಳದಲ್ಲಿ ಹೂಳು, ಜಾಲಿ, ಒತ್ತುವರಿ ಇದ್ದರೆ ಅದು ಹೊಲದ ಮೇಲೆ, ಮನೆಯ ಮೇಲೆ ದಾರಿ ಮಾಡಿಕೊಳ್ಳುತ್ತದೆ.

ಸಿಡಿಲು. ಏಪ್ರಿಲ್–ಮೇ ತಿಂಗಳ ಅಡ್ಡಮಳೆಯಲ್ಲೂ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲೂ ಇದರ ಕಾಟ. ಒಂದು ಸಲಕ್ಕೆ ಒಬ್ಬರು ಇಬ್ಬರು, ಒಂದು ಜೋಡಿ ಎತ್ತು. ಆದ್ದರಿಂದ ಇದು ದೊಡ್ಡ ಸುದ್ದಿಯಾಗುವುದಿಲ್ಲ. ಆದರೆ ಜಿಲ್ಲೆಯ ವರ್ಷದ ಲೆಕ್ಕ ಕೂಡಿಸಿದರೆ ಚಿಕ್ಕದಲ್ಲ.

ಬಿಸಿಲು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಸುವ ರೂಢಿ ಉಂಟು. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೇ ಈ ಜಾಗ್ರತೆ ಬೇಕಾದರೆ, ಉದ್ಯೋಗ ಖಾತರಿಯಲ್ಲಿ ಮಣ್ಣು ಹೊರುವವರಿಗೆ ಎಷ್ಟು ಬೇಕು, ನೀವೇ ಯೋಚಿಸಿರಿ.

ಇವಲ್ಲದೆ ಆಲಿಕಲ್ಲು, ಬಿರುಗಾಳಿ, ಬಣಿವೆಗೆ ಬೆಂಕಿ, ತೊಗರಿಯ ನೆಟೆರೋಗ, ಇವನ್ನೂ ಪಟ್ಟಿಗೆ ಸೇರಿಸಬೇಕು. 2022–23ರಲ್ಲಿ ನೆಟೆರೋಗ ನಮ್ಮ ತೊಗರಿಯನ್ನು ಹೇಗೆ ಒಣಗಿಸಿತೆಂಬುದು ಇನ್ನೂ ಮರೆತಿಲ್ಲ.

ಎಷ್ಟು ವರ್ಷಕ್ಕೊಮ್ಮೆ?

ಪಟ್ಟಿ ಆದ ಮೇಲೆ ಪ್ರತಿ ಆಪತ್ತು ಎಷ್ಟು ವರ್ಷಕ್ಕೊಮ್ಮೆ ಬರುತ್ತದೆಂದು ಕಂಡುಕೊಳ್ಳಬೇಕು. ಕಳೆದ ಇಪ್ಪತ್ತು ವರ್ಷಗಳಲ್ಲಿ ಹಳ್ಳದ ನೆರೆ ನಾಲ್ಕು ಸಲ ಬಂದಿದ್ದರೆ, ಐದು ವರ್ಷಕ್ಕೊಮ್ಮೆ ಎಂದು ಬರೆಯಿರಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. “ಹತ್ತು ವರ್ಷಕ್ಕೊಮ್ಮೆ ಬರುವ ನೆರೆ ಹೋದ ವರ್ಷ ಬಂತು, ಇನ್ನು ಒಂಬತ್ತು ವರ್ಷ ನಿಶ್ಚಿಂತೆ” ಎನ್ನುವವರುಂಟು. ಹಾಗಲ್ಲ. ಹತ್ತು ವರ್ಷಕ್ಕೊಮ್ಮೆ ಎಂದರೆ ಪ್ರತಿ ವರ್ಷವೂ ಹತ್ತರಲ್ಲಿ ಒಂದು ಪಾಲು ಸಂಭವ. ಒಂದು ಚೀಲದಲ್ಲಿ ಒಂಬತ್ತು ಬಿಳಿ, ಒಂದು ಕರಿ ಕಾಳು ಇಟ್ಟು, ವರ್ಷಕ್ಕೊಮ್ಮೆ ಕಣ್ಣುಮುಚ್ಚಿ ಒಂದು ಕಾಳು ತೆಗೆದು ಮತ್ತೆ ಚೀಲಕ್ಕೇ ಹಾಕಿದಂತೆ. ಎರಡು ವರ್ಷ ಬೆನ್ನು ಬೆನ್ನಿಗೆ ಕರಿ ಕಾಳು ಬರಬಹುದು. ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 65. ನೂರು ವರ್ಷಕ್ಕೊಮ್ಮೆ ಬರುವ ನೆರೆ ಕೂಡ, ಮೂವತ್ತು ವರ್ಷ ಬಾಳುವ ಒಂದು ಮನೆಯ ಕಾಲದಲ್ಲಿ ಬಂದೇ ಬರುವ ಸಂಭವ ನೂರಕ್ಕೆ 26. ಇದು ಸಣ್ಣ ಮಾತಲ್ಲ.

ಭೂಕಂಪದಂತಹ ಅಪರೂಪದ ಆಪತ್ತಿಗೆ ಇಪ್ಪತ್ತು ವರ್ಷದ ನೆನಪು ಸಾಲದು. ನಮ್ಮ ಊರಲ್ಲಿ ಆಗಿಲ್ಲ ಎಂಬುದು ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಅಂತಹದಕ್ಕೆ ನೆರೆಯ ಜಿಲ್ಲೆಯ ಅನುಭವವನ್ನೂ ತಜ್ಞರ ಮಾತನ್ನೂ ಸೇರಿಸಿಕೊಳ್ಳಬೇಕು.

ನಷ್ಟದ ಲೆಕ್ಕ

ಒಂದು ಊರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಊರಿನ ಅಂಕಿಗಳನ್ನು ನೀವೇ ಹಾಕಿಕೊಳ್ಳಬೇಕು.

ಬರ: ನಾಲ್ಕು ವರ್ಷಕ್ಕೊಮ್ಮೆ. ಆ ವರ್ಷ 2,000 ಎಕರೆಯಲ್ಲಿ ಎಕರೆಗೆ 8,000 ರೂಪಾಯಿ ನಷ್ಟ. ಒಟ್ಟು 1 ಕೋಟಿ 60 ಲಕ್ಷ. ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ 40 ಲಕ್ಷ.

ಹಳ್ಳದ ನೆರೆ: ಐದು ವರ್ಷಕ್ಕೊಮ್ಮೆ. 100 ಎಕರೆ ಬೆಳೆ, ಮೇಲ್ಮಣ್ಣು ಸೇರಿ 20 ಲಕ್ಷ. ಹತ್ತು ಮನೆಗೆ 5 ಲಕ್ಷ. ಒಟ್ಟು 25 ಲಕ್ಷ. ವರ್ಷಕ್ಕೆ 5 ಲಕ್ಷ.

ಸಿಡಿಲು: ಎರಡು ವರ್ಷಕ್ಕೊಂದು ಎತ್ತು, 50,000 ರೂಪಾಯಿ. ವರ್ಷಕ್ಕೆ 25,000.

ಹಣದ ಸಾಲಿನಲ್ಲಿ ಬರವೇ ಮೊದಲು. ಇಷ್ಟಕ್ಕೇ ಲೆಕ್ಕ ಮುಚ್ಚಿದರೆ ದೊಡ್ಡ ತಪ್ಪಾಗುತ್ತದೆ. ಅದೇ ಊರಲ್ಲಿ ಇಪ್ಪತ್ತು ವರ್ಷಗಳಲ್ಲಿ ಹಳ್ಳ ದಾಟುವಾಗ ಮೂವರು ಕೊಚ್ಚಿಹೋಗಿದ್ದರೆ, ಸಿಡಿಲಿಗೆ ಇಬ್ಬರು ಬಲಿಯಾಗಿದ್ದರೆ, ಜೀವದ ಸಾಲಿನಲ್ಲಿ ಹಳ್ಳ ಮೊದಲಾಗುತ್ತದೆ, ಸಿಡಿಲು ಎರಡನೆಯದಾಗುತ್ತದೆ. ಜೀವಕ್ಕೆ ಬೆಲೆ ಕಟ್ಟಿ ಹಣದ ಸಾಲಿಗೆ ಸೇರಿಸಬೇಡಿರಿ. ಎರಡು ಸಾಲು ಬೇರೆಬೇರೆ ಇರಲಿ.

ಮೂರನೆಯ ಸಾಲು ಇನ್ನೊಂದು ಬೇಕು. ಹಳ್ಳದ ದಂಡೆಯ ಒಂದು ಗುಡಿಸಲು ಹೋದರೆ ಹಣದ ಸಾಲಿನಲ್ಲಿ ಇಪ್ಪತ್ತು ಸಾವಿರ ಎಂದು ಬೀಳಬಹುದು. ಪಕ್ಕಾ ಮನೆಯ ಸಾಹುಕಾರನ ಒಂದು ಮೋಟಾರು ಸುಟ್ಟರೂ ಅಷ್ಟೇ ಬೀಳುತ್ತದೆ. ಕಾಗದದಲ್ಲಿ ಎರಡೂ ಸಮ. ಆದರೆ ಮೊದಲಿನವನಿಗೆ ಅದು ಬಾಳ್ವೆಯೆಲ್ಲ. ಎರಡನೆಯವನಿಗೆ ಒಂದು ವಾರದ ಕಿರಿಕಿರಿ. ಆದ್ದರಿಂದ “ಎಷ್ಟು ರೂಪಾಯಿ ಹೋಯಿತು” ಎಂಬುದರ ಪಕ್ಕದಲ್ಲಿ “ಆ ಮನೆಯ ಎಷ್ಟು ತಿಂಗಳ ಅನ್ನ ಹೋಯಿತು” ಎಂದು ಬರೆಯಿರಿ. ಈ ಸಾಲು ಬರೆಯುವಾಗ ತಾಂಡಾದವರು, ಭೂಮಿ ಇಲ್ಲದವರು, ಪಾಲಿಗೆ ಹೊಲ ಮಾಡುವವರು, ಗಂಡಾಳು ಮುಂಬಯಿ ಪುಣೆಗೆ ದುಡಿಯಲು ಹೋಗಿ ಮುದುಕರು ಮಕ್ಕಳಷ್ಟೇ ಉಳಿದ ಮನೆಗಳು ಕಣ್ಣಿಗೆ ಬೀಳುತ್ತವೆ. ಹಣದ ಸಾಲಿನಲ್ಲಿ ಅವರು ಕಾಣುವುದಿಲ್ಲ.

ಅಮೆರಿಕದಲ್ಲಿ ನಮ್ಮ ಜಿಲ್ಲೆ, ತಾಲ್ಲೂಕುಗಳ ಹಾಗೆ ‘ಕೌಂಟಿ’ ಎಂಬ ವಿಭಾಗಗಳುಂಟು. ಒಟ್ಟು ಮೂರು ಸಾವಿರಕ್ಕೂ ಮಿಗಿಲು. ಅಲ್ಲಿಯ ಕೇಂದ್ರ ಸರ್ಕಾರದ ತುರ್ತು ನಿರ್ವಹಣಾ ಸಂಸ್ಥೆ ಒಂದೊಂದು ಕೌಂಟಿಗೂ 18 ಬಗೆಯ ಆಪತ್ತುಗಳ ಲೆಕ್ಕ ಹಾಕಿತು. ವರ್ಷಕ್ಕೆ ಬೀಳುವ ನಷ್ಟವನ್ನು ಮೊದಲು ಹಿಡಿದು, ಜನರ ಬಲಹೀನತೆಯಿಂದ ಅದನ್ನು ಹೆಚ್ಚಿಸಿ, ತಾಳಿಕೆಯಿಂದ ತಗ್ಗಿಸಿ ಒಂದೊಂದಕ್ಕೂ ಅಂಕ ಕೊಟ್ಟರು. ನಾವು ಮೇಲೆ ಕಂಡ ನಾಲ್ಕು ಮಾತುಗಳೇ ಅದರ ಆಧಾರ. ಆದರೆ ಅಲ್ಲಿಯೂ ಬೆಲೆಬಾಳುವ ಮನೆಗಳಿರುವ ಕಡೆ ನಷ್ಟದ ಅಂಕಿ ದೊಡ್ಡದಾಗಿ, ಬಡವರ ಕೌಂಟಿಯ ಕಷ್ಟ ಚಿಕ್ಕದಾಗಿ ಕಾಣುವ ತೊಡಕು ಉಂಟು. ನಮ್ಮ ಮೂರನೆಯ ಸಾಲು ಆ ತೊಡಕಿಗೆ ಮದ್ದು.

ಸರಾಸರಿಯ ಮೋಸ

ಇನ್ನು ತಾಲ್ಲೂಕಿನ ಮಟ್ಟಕ್ಕೆ ಬರೋಣ. ಊರೂರಿನ ಲೆಕ್ಕ ಕೂಡಿಸಿ ತಾಲ್ಲೂಕಿನದು, ತಾಲ್ಲೂಕುಗಳದು ಕೂಡಿಸಿ ಜಿಲ್ಲೆಯದು. ಕೂಡಿಸುವಾಗ ಸರಾಸರಿ ಹಾಕುತ್ತಾರೆ. ಇಲ್ಲಿಯೇ ಎಚ್ಚರ ಬೇಕು.

2009ನೆಯ ವರ್ಷವನ್ನು ನೆನೆಯಿರಿ. ಆ ವರ್ಷ ದೇಶದ ಮುಂಗಾರು ಮಳೆ ವಾಡಿಕೆಗಿಂತ ನೂರಕ್ಕೆ ಸುಮಾರು 22ರಷ್ಟು ಕಡಿಮೆ. ಬೆಳೆ ಬಾಡಿ ಜನ ಮುಗಿಲು ನೋಡುತ್ತಿದ್ದರು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಉತ್ತರ ಕರ್ನಾಟಕದ ಮೇಲೆ ಕುಂಭದ್ರೋಣ ಮಳೆ ಸುರಿದು ಮನೆಗಳು ಬಿದ್ದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಎರಡನ್ನೂ ಕೂಡಿಸಿ ಭಾಗಿಸಿದರೆ “ಸಾಧಾರಣ ವರ್ಷ” ಎಂದು ಉತ್ತರ ಬಂದೀತು! ಹೆಸರು, ಉದ್ದು ಬಿಡಿಸುವ ಹೊತ್ತಿಗೆ ಸುರಿದ ಮಳೆ ಕಾಯಿಯಲ್ಲೇ ಮೊಳಕೆ ಬರಿಸುತ್ತದೆ. ಬಿತ್ತುವಾಗ ಬಾರದ ಮಳೆಗೆ ಅದು ಪರಿಹಾರವಲ್ಲ.

ಕಾಲದ ಸರಾಸರಿಯ ಹಾಗೆಯೇ ಜಾಗದ ಸರಾಸರಿಯೂ ಮೋಸ ಮಾಡುತ್ತದೆ. ಕಮಲಾಪುರ ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ಅದಕ್ಕೆ ಮುಂಚಿನ ಲೆಕ್ಕವೆಲ್ಲ ಕಲಬುರಗಿ ತಾಲ್ಲೂಕಿನ ಖಾತೆಯಲ್ಲಿ ನಗರದೊಂದಿಗೆ ಬೆರೆತು ಹೋಗಿದೆ. ನಗರದ ತೊಂದರೆ ಚರಂಡಿ ಕಟ್ಟಿ ತಗ್ಗು ಬಡಾವಣೆಗೆ ನೀರು ನುಗ್ಗುವುದು; ಕಮಲಾಪುರದ ತೊಂದರೆ ಹಳ್ಳದ ದಂಡೆ, ಮಡ್ಡಿಯ ಒಣ ಹೊಲ. ಎರಡಕ್ಕೂ ಒಂದೇ ಅಂಕಿ ಬರೆದರೆ ಎರಡೂ ಸುಳ್ಳು. ಆದಕಾರಣ ಹಳೆಯ ಲೆಕ್ಕ ಬೇಕಾದಾಗ ತಾಲ್ಲೂಕಿನ ಹೆಸರಿನಲ್ಲಿ ಹುಡುಕಬೇಡಿರಿ. ಹೋಬಳಿಯ, ಮಳೆಮಾಪಕದ ಹೆಸರಿನಲ್ಲಿ ಕೇಳಿರಿ.

ಈ ಸರಾಸರಿ ನಿಮ್ಮ ಕಿಸೆಯನ್ನೂ ಮುಟ್ಟುತ್ತದೆ. ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯತಿಯೇ ಘಟಕ, ಉಳಿದವಕ್ಕೆ ಹೋಬಳಿ. ನಿಮ್ಮ ಒಬ್ಬರ ಹೊಲ ಒಣಗಿ, ಘಟಕದ ಸರಾಸರಿ ಇಳುವರಿ ನಿಗದಿತ ಮಟ್ಟಕ್ಕಿಂತ ಮೇಲಿದ್ದರೆ ಪರಿಹಾರ ಬಾರದು. ಆದರೆ ಆಲಿಕಲ್ಲಿನಂತಹ ಸ್ಥಳೀಯ ವಿಪತ್ತಿಗೆ ಹೊಲವಾರು ಪರಿಶೀಲನೆ ಉಂಟು. ಅದಕ್ಕೆ 72 ತಾಸಿನೊಳಗೆ ತಿಳಿಸಬೇಕು. ಮುಂಗಾರಿ ಆಹಾರ ಬೆಳೆಗಳಿಗೆ ರೈತರ ಕಂತು ವಿಮಾ ಮೊತ್ತದ ನೂರಕ್ಕೆ ಎರಡು. ಬರ ಘೋಷಣೆಗೂ ಹಾಗೆಯೇ: 2016ರ ಬರ ಕೈಪಿಡಿಯ ಪ್ರಕಾರ ಮಳೆಯ ಕೊರತೆ, ಸತತ ಮೂರು ನಾಲ್ಕು ವಾರದ ಒಣ ಹವೆ, ಹಸಿರಿನ ಉಪಗ್ರಹ ಚಿತ್ರ, ಮಣ್ಣಿನ ತೇವ ಮುಂತಾದವನ್ನು ನೋಡಿ, ಕೊನೆಗೆ ತಾಲ್ಲೂಕಿನ ನೂರಕ್ಕೆ ಹತ್ತು ಹಳ್ಳಿಗಳಲ್ಲಿ ಹೊಲಕ್ಕೇ ಬಂದು ಪರಿಶೀಲಿಸುತ್ತಾರೆ. ಆ ದಿನ ಊರಿನ ಲೆಕ್ಕ ಬರೆದಿಟ್ಟಿದ್ದರೆ ತೋರಿಸಲು ಬರುತ್ತದೆ. ಇಲ್ಲದಿದ್ದರೆ ಬರೀ ಗೋಳು.

ಊರಿನಲ್ಲಿ ಮಾಡುವ ಕ್ರಮ

ಈ ಕೆಲಸಕ್ಕೆ ಐದು ಸಂಜೆ ಸಾಕು.

1. ಮೊದಲ ಸಂಜೆ ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿ ಇಪ್ಪತ್ತು ವರ್ಷಗಳ ಆಪತ್ತುಗಳ ಪಟ್ಟಿ ಬರೆಯಿರಿ. ಇಸವಿ ನೆನಪಿಗೆ ಬಾರದಿದ್ದರೆ ಮದುವೆ, ಜಾತ್ರೆ, ಚುನಾವಣೆಗಳ ಗುರುತಿನಿಂದ ಹಿಡಿಯಿರಿ. ಹೆಂಗಸರನ್ನು ಬೇರೆಯಾಗಿ ಕೇಳಿರಿ. ನೀರಿನ ಕಷ್ಟ, ಮೇವಿನ ಕಷ್ಟ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

2. ಎರಡನೆಯ ಸಂಜೆ ಹಳ್ಳದ ಗುಂಟ ನಡೆಯಿರಿ. ನೆರೆ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಗೋಡೆಗೆ, ಕಂಬಕ್ಕೆ ಗುರುತು ಹಾಕಿರಿ. ಹೂಳು ತುಂಬಿದ ಸಿಡಿ, ಬಾಗಿದ ವಿದ್ಯುತ್ ಕಂಬ, ಬಿರುಕುಬಿಟ್ಟ ಕೆರೆಯ ಏರಿ ಬರೆದುಕೊಳ್ಳಿರಿ.

3. ಮೂರನೆಯ ಸಂಜೆ ಮನೆಗಳನ್ನು ನೋಡಿರಿ. ಉಬ್ಬಿದ ಗೋಡೆ, ಭಾರವಾದ ಮಾಳಿಗೆ, ಮುದುಕರು, ಬಾಣಂತಿಯರು, ನಡೆಯಲಾರದವರು ಇರುವ ಮನೆ ಗುರುತಿಸಿರಿ. ತಾಂಡಾವನ್ನೂ ಊರ ಹೊರಗಿನ ಓಣಿಯನ್ನೂ ಬಿಡಕೂಡದು.

4. ನಾಲ್ಕನೆಯ ಸಂಜೆ ಮೂರು ಸಾಲುಗಳ ಲೆಕ್ಕ ಹಾಕಿರಿ: ಹಣ, ಜೀವ, ಅನ್ನದ ತಿಂಗಳು. ಪಂಚಾಯತಿಯ ಮಳೆಮಾಪಕದ ಅಂಕಿಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಲೆಕ್ಕದಿಂದ ಕೇಳಿ ಪಡೆಯಿರಿ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈ ಸಂಸ್ಥೆಯ ಮಳೆಮಾಪಕಗಳು ಈಗ ಪಂಚಾಯತಿ ಮಟ್ಟದಲ್ಲಿ ಉಂಟು.

5. ಐದನೆಯ ಸಂಜೆ ಮಾಡಬಹುದಾದ ಕೆಲಸಗಳನ್ನು ಆರಿಸಿರಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ಜೀವ, ಹೆಚ್ಚು ಅನ್ನ ಉಳಿಸುವುದು ಮೊದಲು ಬರಲಿ.

ಲೆಕ್ಕದಿಂದ ಕೆಲಸಕ್ಕೆ

ಲೆಕ್ಕ ಕೆಲಸವನ್ನು ಹೇಗೆ ತೋರಿಸುತ್ತದೆ ನೋಡಿರಿ. ಮೇಲಿನ ಉದಾಹರಣೆಯ ಊರಲ್ಲಿ ಜೀವದ ಸಾಲಿನ ಮೊದಲ ಶತ್ರು ಮುಳುಗುವ ಸಿಡಿ. ಅಲ್ಲಿ ಅಡಿಗಳ ಗುರುತುಳ್ಳ ಒಂದು ಕಂಬ, ಅದರಲ್ಲೊಂದು ಕೆಂಪು ಗೆರೆ, ಎರಡೂ ದಂಡೆಗೆ ಅಡ್ಡ ಸರಪಳಿ, ಸರಪಳಿ ಹಾಕುವ ಹೊಣೆ ಹೊತ್ತ ಇಬ್ಬರು, ಇದಕ್ಕೆ ಖರ್ಚು ಕೆಲವೇ ಸಾವಿರ. ಒಂದಡಿ ಹರಿಯುವ ನೀರು ಸಣ್ಣ ವಾಹನವನ್ನು ತೇಲಿಸಬಲ್ಲದು, ಎರಡಡಿ ನೀರು ಜೀಪನ್ನೂ ಒಯ್ಯಬಲ್ಲದು. “ನಾ ದಾಟ್ತೀನಿ, ನಮ್ಮ ಹಳ್ಳ ನನಗೆ ಗೊತ್ತದ” ಎನ್ನುವವನೇ ಹೆಚ್ಚಾಗಿ ಹೋಗುವವನು. ಜಲಾಶಯದಿಂದ ನೀರು ಬಿಡುವ ಸುದ್ದಿ ಬಂದ ಕೂಡಲೇ ಡಂಗುರ, ಗುಡಿ ಮಸೀದಿಗಳ ಮೈಕು, ತಾಂಡಾಕ್ಕೆ ಒಬ್ಬ ಹುಡುಗ, ಈ ಏರ್ಪಾಡು ಬೇಕು.

ಸಿಡಿಲಿಗೆ: ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಅದು ಹತ್ತು ಕಿಲೋಮೀಟರಿನೊಳಗಿದೆ ಎಂದು ತಿಳಿದು ಹೊಲ ಬಿಡಿರಿ. ಕೊನೆಯ ಗುಡುಗಿನ ಮೇಲೆ ಅರ್ಧ ತಾಸು ಕಾಯಿರಿ. ಮರದಡಿ ನಿಲ್ಲಬೇಡಿರಿ, ದನಗಳನ್ನೂ ಕಟ್ಟಬೇಡಿರಿ.

ಮನೆಗೆ: ಮಾಳಿಗೆಯ ಮೇಲೆ ಹೊಸ ಮಣ್ಣು ಏರಿಸುವ ಮೊದಲು ಹಳೆಯದನ್ನು ಇಳಿಸಿ ಭಾರ ತಗ್ಗಿಸಿರಿ. ಕಲ್ಲು ಗೋಡೆ ಕಟ್ಟುವಾಗ ಗೋಡೆಯ ಎರಡೂ ಮೈಗಳನ್ನು ಹಿಡಿಯುವ ಉದ್ದನೆಯ ಅಡ್ಡಗಲ್ಲುಗಳನ್ನು ನಡುನಡುವೆ ಇಡಿಸಿರಿ. ಇದು ಮಳೆಗೆ ಕುಸಿಯುವುದನ್ನೂ ತಗ್ಗಿಸುತ್ತದೆ.

ಬರಕ್ಕೆ: ಬದು, ಕೃಷಿಹೊಂಡ, ಮೇವಿನ ದಾಸ್ತಾನು, ತೊಗರಿಯೊಂದಿಗೆ ಅಕ್ಕಡಿ ಬೆಳೆ. ಒಂದೇ ಬೆಳೆಯ ಮೇಲೆ ಇಡೀ ಹೊಲವನ್ನು ಪಣಕ್ಕಿಡುವುದೂ ಒಂದು ಬಲಹೀನತೆಯೇ.

2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇರಬೇಕು, ಜಿಲ್ಲೆಯ ಯೋಜನೆಯನ್ನು ವರ್ಷವರ್ಷವೂ ಪರಿಷ್ಕರಿಸಬೇಕು. ಆ ಯೋಜನೆಗೆ ಊರಿನ ಸಂಗತಿ ಎಲ್ಲಿಂದ ಬರಬೇಕು? ನಿಮ್ಮಿಂದಲೇ. ನಿಮ್ಮ ಹಾಳೆಯನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ, ಇನ್ನೊಂದನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ತುರ್ತಿನಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ತಿಳಿಸಬೇಕೆಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆಸಿರಿ.

ಬಂಧುಗಳೇ, ಹಳ್ಳದ ದಂಡೆಯಲ್ಲಿ ಯಾರ ಮನೆ ಇದೆ, ಆ ಮನೆಯಲ್ಲಿ ರಾತ್ರಿ ಯಾರು ಮಲಗುತ್ತಾರೆ ಎಂಬುದು ಜಿಲ್ಲೆಯ ನಕ್ಷೆಗೆ ಗೊತ್ತಿಲ್ಲ. ನಿಮಗೆ ಗೊತ್ತು. ಗೊತ್ತಿದ್ದದ್ದನ್ನು ಬರೆದಿಡುವುದೇ ಈ ಲೆಕ್ಕದ ಮೊದಲ ಹೆಜ್ಜೆ.

ಅಭ್ಯಾಸ

1. ಒಂದು ಹಳ್ಳಕ್ಕೆ 1,500 ಎಕರೆಯ ನೀರು ಇಳಿಯುತ್ತದೆ. ಒಂದು ರಾತ್ರಿ 80 ಮಿಲಿಮೀಟರ್ ಮಳೆಯಾಯಿತು. ಬಿದ್ದ ನೀರೆಷ್ಟು? (ಉತ್ತರ: ಸುಮಾರು 48 ಕೋಟಿ 56 ಲಕ್ಷ ಲೀಟರ್.)

2. 24 ವರ್ಷಗಳಲ್ಲಿ ಮೂರು ಸಲ ಆಲಿಕಲ್ಲು ಬಿದ್ದು ಪ್ರತಿ ಸಲ 12 ಲಕ್ಷ ನಷ್ಟವಾಯಿತು. ವರ್ಷದ ಲೆಕ್ಕದಲ್ಲಿ ಎಷ್ಟು? (ಉತ್ತರ: ಒಂದೂವರೆ ಲಕ್ಷ.)

3. ನಿಮ್ಮ ಊರಲ್ಲಿ ಹಣದ ಸಾಲಿನ ಮೊದಲ ಆಪತ್ತು ಯಾವುದು? ಜೀವದ ಸಾಲಿನದು ಯಾವುದು? ಎರಡೂ ಒಂದೆಯೇ? ಇದರ ಉತ್ತರ ನಿಮ್ಮ ಕಟ್ಟೆಯ ಮೇಲೆ ಸಿಗಬೇಕು.